ಮಾನಿಟರಿನಲ್ಲಿ 150: ಓಡಿಸುತ್ತಿರುವುದು ಯಾರು?

ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯು. ಭಾವನ ತಲೆಯ ಹತ್ತಿರದ ಮಾನಿಟರಿನಲ್ಲಿ ಹೃದಯ ಬಡಿತ ನಿಮಿಷಕ್ಕೆ 150. ಹತ್ತು ನಿಮಿಷ ಬಿಟ್ಟು ನೋಡಿದರೂ 150. ಅಕ್ಕನಿಗೆ ಸಮಾಧಾನ. "ಜಾಸ್ತಿ ಆಗ್ಲಿಲ್ಲ ಅಲ್ವಾ?" ಡ್ಯೂಟಿ ಡಾಕ್ಟರಿಗೆ ಅನುಮಾನ ಹುಟ್ಟಿಸಿದ್ದೇ ಅದು. ಜ್ವರಕ್ಕೋ ಗಾಬರಿಗೋ ಓಡುವ ಹೃದಯ ಏರಿಳಿಯುತ್ತದೆ, ಹೀಗೆ ಒಂದೇ ಅಂಕಿಗೆ ಅಂಟಿ ಕೂರುವುದಿಲ್ಲ.

ಈ ಒಗಟಿನ ಕಥೆ ತಾಳ ತಪ್ಪಿದ ನಾಡಿಯಿಂದ ಶುರು. ಅದು ಹಳೆಯ ವೈದ್ಯರಿಗೂ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಇಂಗ್ಲೆಂಡಿನ ಬರ್ನ್ಲಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಜೇಮ್ಸ್ ಮೆಕೆಂಜಿ, ಕುತ್ತಿಗೆಯ ರಕ್ತನಾಳದ ಮಿಡಿತವನ್ನು ಕಾಗದಕ್ಕೆ ಇಳಿಸಿ ನೋಡಿದರು. ಇಂಥ ರೋಗಿಗಳಲ್ಲಿ ಹೃದಯದ ಮೇಲಿನ ಕೋಣೆಯ ಗುರುತೇ ಕಾಣುತ್ತಿರಲಿಲ್ಲ. ಆ ಕೋಣೆ ಸತ್ತು ಸುಮ್ಮನಾಗಿದೆ ಅಂದುಕೊಂಡರು. ಪಾಪ, ಅದು ಸುಮ್ಮನಿರಲಿಲ್ಲ, ಗಡಗಡ ನಡುಗುತ್ತಿತ್ತು. ಅದನ್ನು 1909ರಲ್ಲಿ ಥಾಮಸ್ ಲೂಯಿಸ್ ತೋರಿಸಿಕೊಟ್ಟರು, ಐಂಥೋವನ್ ಕಂಡುಹಿಡಿದ ಇಸಿಜಿ ಯಂತ್ರದಿಂದ. ಆಗ ರೋಗಿ ಕೈಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು.

ಈ ನಡುಕವೇ ಏಟ್ರಿಯಲ್ ಫಿಬ್ರಿಲೇಶನ್. 1911ರಲ್ಲಿ ಎಡಿನ್‌ಬರೋದ ಜಾಲಿ ಮತ್ತು ರಿಚಿ ಅದರ ದಾಯಾದಿಯನ್ನು ಬೇರೆ ಮಾಡಿ ತೋರಿಸಿದರು: ಫ್ಲಟರ್. ಇಲ್ಲಿ ಮೇಲಿನ ಕೋಣೆಗೆ ತಾಳ ಇದೆ, ವೇಗ ಮಾತ್ರ ನಿಮಿಷಕ್ಕೆ ಸುಮಾರು 300. ಎರಡರಲ್ಲಿ ಒಂದು ಬಡಿತ ಮಾತ್ರ ಕೆಳಗಿನ ಕೋಣೆಗೆ ಇಳಿದರೆ 150. ಇಸಿಜಿಯ ಗೆರೆ ಗರಗಸದ ಹಲ್ಲಿನ ಹಾಗೆ ಇರಬೇಕು. ಆದರೆ ಅರ್ಧ ಹಲ್ಲುಗಳು ಕೆಳಗಿನ ಕೋಣೆಯ ದೊಡ್ಡ ಅಲೆಗಳೊಳಗೆ ಅಡಗಿ, ನೋಡಲು ಥೇಟ್ ಎಸ್‌ವಿಟಿ (ಕೆಳಗಿನ ಕೋಣೆಗಿಂತ ಮೇಲೆ ಶುರುವಾಗುವ, ಸಮತಾಳದ ವೇಗದ ಓಟ) ಆಗಿಬಿಡುತ್ತದೆ. ಫಿಬ್ರಿಲೇಶನ್ ಕೂಡ ತುಂಬ ಜೋರಾದರೆ ಸಮವಾಗಿ ಓಡುತ್ತಿದೆ ಅನ್ನಿಸುತ್ತದೆ. ಅದಕ್ಕೆ ಒಂದು ಹಳೆಯ ಉಪಾಯವಿದೆ. ಬೇರೊಂದು ಕಾಗದದ ಅಂಚಿನಲ್ಲಿ ಮೂರ್ನಾಲ್ಕು ಬಡಿತಗಳ ತುದಿಗೆ ಗುರುತು ಹಾಕಿ ಪಕ್ಕಕ್ಕೆ ಸರಿಸುವುದು. ಮುಂದಿನ ಬಡಿತಗಳಿಗೆ ಗುರುತು ಕೂಡದಿದ್ದರೆ ತಾಳ ಇಲ್ಲ.

ಆದರೆ ಆ ದೊಡ್ಡ ಅಲೆ ಅಗಲವಾಗಿದ್ದರೆ ಹುಡುಗಾಟವಲ್ಲ. ಕೆಳಗಿನ ಕೋಣೆಯಿಂದ ಹುಟ್ಟುವ ವೇಗದ ಓಟವಾದ ವಿಟಿಯನ್ನು ಎಸ್‌ವಿಟಿ ಅಂತ ತಿಳಿದು, ಎಸ್‌ವಿಟಿಯ ಔಷಧಿ ವೆರಪಮಿಲ್ ಕೊಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತಾಗಬಹುದು. 1978ರಲ್ಲಿ ವೆಲೆನ್ಸ್, 1991ರಲ್ಲಿ ಬ್ರುಗಾಡಾ ಇವೆರಡನ್ನು ಬೇರ್ಪಡಿಸುವ ಲಕ್ಷಣಗಳನ್ನು ಬರೆದಿಟ್ಟರು. ಆದರೂ ಅನುಮಾನವಿದ್ದರೆ ವಿಟಿ ಅಂತಲೇ ನೋಡಿಕೊಳ್ಳಿ ಅನ್ನುವ ನಿಯಮ ಇವತ್ತಿಗೂ ಬದಲಾಗಿಲ್ಲ.

ಮಾನಿಟರ್ ಸಾಮಾನ್ಯವಾಗಿ ಒಂದೆರಡು ಕೋನದಿಂದ ನೋಡುತ್ತದೆ, ಪೂರ್ತಿ ಇಸಿಜಿ 12 ಕೋನದಿಂದ. ಹಾಗಾಗಿ ಡಾಕ್ಟರು ಇಸಿಜಿ ಮಿಷನ್ ತರಿಸಿ, ಅದು ಓಡುತ್ತಿರುವಾಗಲೇ ಅಡೆನೊಸಿನ್ ಕೊಟ್ಟರು, ಬಡಿತ ಕೆಳಗಿಳಿಯುವ ದಾರಿಯನ್ನು ಕ್ಷಣ ಹೊತ್ತು ತಡೆಯುವ ಔಷಧಿ. "ಎದೆ ಹಿಂಡಿದ ಹಾಗಾಗ್ತದೆ, ಹೆದರ್ಬೇಡಿ" ಅಂದರು. ಭಾವ ಮುಖ ಕಿವುಚಿದರು. ದೊಡ್ಡ ಅಲೆಗಳು ಎರಡು ಮೂರು ಸೆಕೆಂಡ್ ನಿಂತವು. ಕಾಗದದ ಮೇಲೆ ಸಾಲಾಗಿ ಹಲ್ಲುಗಳು ಬಂದವು. "ಫ್ಲಟರ್" ಅಂದರು ಡಾಕ್ಟರು. ಅಷ್ಟರಲ್ಲಿ ಮಾನಿಟರ್ ಮತ್ತೆ 150ಕ್ಕೆ ಬಂದಿತ್ತು.