ಪೈಲ್ವಾನನ ಛಲ ಕ್ಯಾನ್ಸರಿಗೆ ಗೊತ್ತಾಗುವುದಿಲ್ಲ

ಜೆಫ್ ಬ್ಲಾಟ್ನಿಕ್ ಕಥೆ ಹೇಳುವವರೆಲ್ಲ ಒಂದೇ ರಾಗ ಎಳೆಯುತ್ತಾರೆ: ಛಲಗಾರ ಪೈಲ್ವಾನ, ಕ್ಯಾನ್ಸರನ್ನೇ ಚಿತ್ ಮಾಡಿದ! ಅಮೆರಿಕದ ಈ ಗ್ರೀಕೋ-ರೋಮನ್ (ಸೊಂಟದ ಕೆಳಗೆ ಪಟ್ಟು ಹಾಕುವಂತಿಲ್ಲದ ಶೈಲಿ) ಕುಸ್ತಿಪಟುವಿಗೆ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳು ನೆಲೆಸುವ ದುಗ್ಧಗ್ರಂಥಿಗಳ ಕ್ಯಾನ್ಸರ್, ಇರುವುದು 1982ರಲ್ಲಿ ಗೊತ್ತಾಯಿತು. ಎರಡೇ ವರ್ಷಕ್ಕೆ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, ಅತಿ ಭಾರದ ವಿಭಾಗದ ಚಿನ್ನ ಗೆದ್ದು ಮ್ಯಾಟ್ ಮೇಲೆ ಮಂಡಿಯೂರಿ ಅತ್ತರು. ಛಲ ಇತ್ತು, ಒಪ್ಪೋಣ. ಪದಕ ಬಂದದ್ದು ಅದರಿಂದಲೇ. ರೋಗ ಹೋದದ್ದು ಮಾತ್ರ ಅದರಿಂದಲ್ಲ. ಎರಡನ್ನೂ ಕಲಸಿ ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಗುಣವಾಗದೆ ತೀರಿಕೊಂಡವರೆಲ್ಲ ಕೈಲಾಗದವರೇ?

ಅವರನ್ನು ಉಳಿಸಿದ್ದು ಆ ರೋಗದ ನಡೆ, ಮತ್ತು ಅದನ್ನು ಅಷ್ಟರಲ್ಲಿ ಅರ್ಥಮಾಡಿಕೊಂಡಿದ್ದ ವೈದ್ಯರು. ಹಾಡ್ಜ್‌ಕಿನ್ ಗಂಟು ಸಾಮಾನ್ಯವಾಗಿ ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದೆ ಊದಿಕೊಳ್ಳುತ್ತದೆ. ಅದನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಕ್ಯಾನ್ಸರ್ ಕೋಶಕ್ಕಾಗಿ ಹುಡುಕಾಡಬೇಕು. ಎಷ್ಟೋ ಸಲ ನೂರಕ್ಕೆ ಒಂದೂ ಸಿಗುವುದಿಲ್ಲ. ಸಿಕ್ಕರೆ ಎರಡು ದೊಡ್ಡ ಕೋಶಕೇಂದ್ರಗಳು ನಮ್ಮನ್ನೇ ದಿಟ್ಟಿಸುತ್ತಿರುತ್ತವೆ. ಪ್ರಯೋಗಾಲಯದವರು ಇದನ್ನು ‘ಗೂಬೆಗಣ್ಣು’ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ರೀಡ್-ಸ್ಟರ್ನ್‌ಬರ್ಗ್ ಕೋಶ. ಉಳಿದ ಗುಂಪೆಲ್ಲ ರಕ್ಷಣೆಗೆಂದು ಬಂದ ಬಿಳಿ ರಕ್ತಕಣಗಳು. ಜಾತ್ರೆಯಲ್ಲಿ ಜೇಬುಗಳ್ಳನನ್ನು ಹಿಡಿಯಲು ಬಂದ ಜನರೇ ಅವನನ್ನು ಸುತ್ತುವರಿದು, ಊಟವಿಕ್ಕಿ, ಪೊಲೀಸರಿಂದ ಮರೆಮಾಡಿದಂತೆ. ಗೂಬೆಗಣ್ಣಿನ ಕೋಶ ರಾಸಾಯನಿಕ ಸಂಕೇತ ಕಳಿಸಿ ಅವರನ್ನು ಕರೆಸಿಕೊಳ್ಳುತ್ತದೆ. ಬಂದವರು ಬದುಕಲು ಬೇಕಾದ ಸಂಕೇತಗಳನ್ನು ಅದಕ್ಕೇ ಕೊಡುತ್ತಾರೆ. ಮೇಲಾಗಿ ಅದು ತನ್ನ ಮೈಮೇಲೆ ಒಂದು ಪ್ರೋಟೀನ್ ತೋರಿಸಿ, ತನ್ನನ್ನು ಕೊಲ್ಲಬೇಕಾದ ಟಿ-ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಸುಮ್ಮನಾಗಿಸುತ್ತದೆ. ಇವತ್ತಿನ ಇಮ್ಯುನೋಥೆರಪಿ ಔಷಧಗಳು ಈ ಮೋಸವನ್ನೇ ಮುರಿಯುತ್ತವೆ.

1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಈ ರೋಗವನ್ನು ವರ್ಣಿಸಿದಾಗ ಇದ್ಯಾವುದೂ ಗೊತ್ತಿರಲಿಲ್ಲ. ಆದರೆ ಆಮೇಲೆ ಬಂದವರು ಮುಖ್ಯವಾದ ಇನ್ನೊಂದನ್ನು ಗಮನಿಸಿದರು. ಬಹಳಷ್ಟು ಕ್ಯಾನ್ಸರ್‌ಗಳು ರಕ್ತದಲ್ಲಿ ತೇಲಿ ಎಲ್ಲೆಂದರಲ್ಲಿ ಇಳಿಯುತ್ತವೆ. ಇದು ಹಾಗಲ್ಲ. ಹೆಚ್ಚಾಗಿ ಒಂದು ದುಗ್ಧಗ್ರಂಥಿಯಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹೋಗುತ್ತದೆ. ಅಂದರೆ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಬಹುದು! ಸ್ಟ್ಯಾನ್‌ಫರ್ಡಿನ ಹೆನ್ರಿ ಕ್ಯಾಪ್ಲನ್ ಮುಂತಾದವರು 1960ರ ದಶಕದಲ್ಲಿ ಊದಿದ ಗ್ರಂಥಿಗಳಿಗೂ, ಇನ್ನೂ ಊದದ ಪಕ್ಕದ ಗ್ರಂಥಿಗಳಿಗೂ ವಿಕಿರಣ ಹಾಯಿಸಿದರು. ವಿಕಿರಣ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಆ ಗಾಯ ರಿಪೇರಿಯಾಗದ ಕೋಶ ಸಾಯುತ್ತದೆ.

ಬ್ಲಾಟ್ನಿಕ್‌ಗೂ ವಿಕಿರಣ ಕೊಟ್ಟರು. ಅದಕ್ಕೆ ಮೊದಲು ಹೊಟ್ಟೆ ಕೊಯ್ದು ಗುಲ್ಮವನ್ನೂ (ರಕ್ತ ಸೋಸಿ ಸೋಂಕು ತಡೆಯುವ ಅಂಗ, ಸ್ಪ್ಲೀನ್) ಅಪೆಂಡಿಕ್ಸನ್ನೂ ತೆಗೆದಿದ್ದರು. ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆ) ಕೆಳಗೆ ರೋಗ ಇಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಲು ಆ ಕಾಲದಲ್ಲಿ ಗುಲ್ಮ ತೆಗೆದೇ ನೋಡುತ್ತಿದ್ದರು. (ಪ್ರಾಚೀನ ರೋಮನ್ನರಿಗೆ ಗುಲ್ಮ ಓಟಕ್ಕೆ ಅಡ್ಡಿ ಎಂಬ ನಂಬಿಕೆಯಿತ್ತು. ಗುಲ್ಮವಿಲ್ಲದೆ ಚಿನ್ನ ಗೆದ್ದವನ ಸುದ್ದಿ ಕೇಳಿದ್ದರೆ ಹಿರಿಹಿರಿ ಹಿಗ್ಗುತ್ತಿದ್ದರು.) ಅದಿಲ್ಲದೆ ಬದುಕಬಹುದು, ಕುಸ್ತಿಯನ್ನೂ ಆಡಬಹುದು. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಎದುರು ಮಾತ್ರ ಲಸಿಕೆ ಬೇಕು, ಜ್ವರ ಬಂದರೆ ಉದಾಸೀನ ಕೂಡದು.

1985ರಲ್ಲಿ ರೋಗ ಮರಳಿತು. ಛಲ ಕುಗ್ಗಿತ್ತೇ? ಅದೇ ಮನುಷ್ಯ, ಒಲಿಂಪಿಕ್ ಚಾಂಪಿಯನ್ ಬೇರೆ! ಎಲ್ಲೋ ಉಳಿದಿದ್ದ ಕೆಲವು ಕೋಶಗಳು ಮತ್ತೆ ಬೆಳೆದಿದ್ದವು, ಅಷ್ಟೇ. ಈ ಸಲ ಕೀಮೋಥೆರಪಿ. ಆ ಚಿಕಿತ್ಸೆಯ ಬೇರು ಸಾಸಿವೆ ಅನಿಲದಲ್ಲಿದೆ. ಯುದ್ಧದಲ್ಲಿ ಆ ವಿಷ ಉಂಡವರ ಬಿಳಿ ರಕ್ತಕಣಗಳು ಕುಸಿದದ್ದನ್ನು ಕಂಡೇ 1942ರಲ್ಲಿ ಯೇಲ್‌ನಲ್ಲಿ ಅದರ ಸೋದರ ರಾಸಾಯನಿಕವನ್ನು ಲಿಂಫೋಮಾ ರೋಗಿಗೆ ಕೊಟ್ಟು ನೋಡಿದ್ದು.

ರೋಗ ಮತ್ತೆ ಹಿಂಜರಿಯಿತು. 1988ರಲ್ಲಿ ಬ್ಲಾಟ್ನಿಕ್ ಸ್ಪರ್ಧೆ ಬಿಟ್ಟರು. ವೀಕ್ಷಕ ವಿವರಣೆಕಾರರಾದರು, ನ್ಯೂಯಾರ್ಕ್ ರಾಜ್ಯದಲ್ಲಿ ಶಾಲಾ ಹುಡುಗರಿಗೆ ಸೊಂಟದ ಮೇಲಿನ ಪಟ್ಟು, ಕೆಳಗಿನ ಪಟ್ಟು ಎಲ್ಲ ಕಲಿಸುವ ಕೋಚ್ ಆದರು. 2012ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮಕ್ಕಳ ಕುಸ್ತಿಯ ನಂಟು ಬಿಡಲಿಲ್ಲ. ಈಗ ಹಾಡ್ಜ್‌ಕಿನ್ ರೋಗಿಯ ಗುಲ್ಮ ತೆಗೆದು ನೋಡುವುದಿಲ್ಲ; ಮೈಯಲ್ಲಿ ರೋಗ ಎಲ್ಲೆಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಸಾಕು.