‘ಫೈಲ್ ಕರಪ್ಟ್ ಆಗಿದೆ’ ಎಂದು ಬಂದರೆ ಬರೆದದ್ದೆಲ್ಲ ಹೋಯಿತಾ?

ಪ್ರಶ್ನೆ: ಮೂರು ವಾರದಿಂದ ಬರೆಯುತ್ತಿದ್ದ ವರದಿಯ ವರ್ಡ್ ಫೈಲನ್ನು ಆಫೀಸಿನ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ತೆರೆದರೆ ಫೈಲ್ ಕರಪ್ಟ್ ಆಗಿದೆ, ತೆರೆಯಲು ಆಗುವುದಿಲ್ಲ ಎಂದು ಬರುತ್ತಿದೆ. ಬರೆದದ್ದೆಲ್ಲ ಹೋಯಿತಾ? ಏನಾದರೂ ದಾರಿ ಇದೆಯಾ?

ಉತ್ತರ: ಆ ಸಂದೇಶ ನೋಡಿದ ಕೂಡಲೇ ಎದೆ ಧಸಕ್ ಎನ್ನುತ್ತದೆ. ಮೂರು ವಾರದ ಕೆಲಸ ಅಂದರೆ ಕಡಿಮೆಯಲ್ಲ. ಆದರೆ ವರ್ಡ್ ಇಲ್ಲಿ ಹೇಳುತ್ತಿರುವುದು ‘ನನಗೆ ಇದನ್ನು ಓದಲು ಆಗುತ್ತಿಲ್ಲ’ ಎಂದಷ್ಟೇ. ಎಷ್ಟೋ ಸಲ ಬರಹ ಪೂರ್ತಿ ಹಾಗೇ ಇರುತ್ತದೆ, ಅದನ್ನು ಕಟ್ಟಿಟ್ಟ ಗಂಟು ಮಾತ್ರ ಸಡಿಲವಾಗಿರುತ್ತದೆ. ಹಾಗಾಗಿ ಆಸೆ ಬಿಡಬೇಡಿ.

ನೀವು ಫೈಲನ್ನು ಕಾಪಿ ಮಾಡಿದ್ದರೆ ಮೂಲ ಫೈಲ್ ಆಫೀಸಿನ ಕಂಪ್ಯೂಟರಿನಲ್ಲೇ ಇರುತ್ತದೆ. ಹಾಗಿದ್ದರೆ ಈ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದೇ ಬೇಡ. ಕಟ್ ಮಾಡಿ ಪೇಸ್ಟ್ ಮಾಡಿದ್ದರೆ ವಿಷಯ ಬೇರೆ. ಹಾಗೆ ಸಾಗಿಸಿದ ಫೈಲ್ ಅಲ್ಲಿನ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. ಆಗ ನಿಮ್ಮ ಕೈಯಲ್ಲಿರುವುದು ಈ ಒಂದೇ ಪ್ರತಿ. ಅದನ್ನು ಜೋಪಾನ ಮಾಡಿ.

ಜೋಪಾನ ಅಂದರೆ, ಬೇರೆ ಏನು ಮಾಡುವ ಮೊದಲೂ ಆ ಫೈಲಿನ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಪೆನ್‌ಡ್ರೈವ್ ತೆಗೆದು ಪಕ್ಕಕ್ಕಿಡಿ. ಅದಕ್ಕೆ ಹೊಸದಾಗಿ ಏನನ್ನೂ ತುಂಬಬೇಡಿ. ಮುಂದಿನ ಎಲ್ಲ ಪ್ರಯೋಗವೂ ಕಂಪ್ಯೂಟರಿನಲ್ಲಿರುವ ಪ್ರತಿಯ ಮೇಲೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಗಾಬರಿಯಲ್ಲಿ ಕಂಡ ಬಟನ್ ಎಲ್ಲ ಒತ್ತಿ, ಕೊನೆಗೆ ಅದೇ ಹೆಸರಿನಲ್ಲಿ ಖಾಲಿ ಪುಟವೊಂದನ್ನು ಸೇವ್ ಮಾಡಿಬಿಟ್ಟರು. ಅಲ್ಲಿಯವರೆಗೆ ಉಳಿದಿದ್ದ ಬರಹ ಹೋದದ್ದು ಆ ಸೇವ್‌ನಿಂದ. ಅದು ನೆನಪಾದರೆ ಈಗಲೂ ಬೇಸರವಾಗುತ್ತದೆ.

ಈಗ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿ. ಸೊನ್ನೆ ಇದ್ದರೆ ಆ ಪ್ರತಿಯಲ್ಲಿ ಏನೂ ಇಲ್ಲ, ಅದರ ಜೊತೆ ಗುದ್ದಾಡಿ ಫಲವಿಲ್ಲ. ಹಳೆಯ ಪ್ರತಿ ಹುಡುಕುವ ದಾರಿಯನ್ನು ಕೆಳಗೆ ಬರೆದಿದ್ದೇನೆ. ಸೈಜ್ ಸರಿಯಾಗಿ ಕಂಡರೆ ಒಳಗೆ ಇಣುಕಿ ನೋಡಬೇಕು.

ಇಣುಕುವುದಕ್ಕೆ ನೋಟ್‌ಪ್ಯಾಡ್ ಸಾಕು. ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ, ಹೆದರಬೇಡಿ. ಮೊಟ್ಟಮೊದಲ ಎರಡು ಅಕ್ಷರ ಮಾತ್ರ ನೋಡಿ. ಇಂಗ್ಲಿಷಿನ ‘ಪಿ’ ಮತ್ತು ‘ಕೆ’ ಇದ್ದರೆ ಸಮಾಧಾನದ ಸುದ್ದಿ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ನೋಟ್‌ಪ್ಯಾಡ್‌ನಿಂದ ಸೇವ್ ಮಾಡಿದರೆ ಫೈಲ್ ನಿಜವಾಗಿಯೂ ಕೆಡುತ್ತದೆ.

ಆ ಎರಡು ಅಕ್ಷರಕ್ಕೆ ಯಾಕಿಷ್ಟು ಬೆಲೆ? ಅವು ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಗಂಟಾಗಿ ಕಟ್ಟುವ ಜಿಪ್ ವಿಧಾನವನ್ನು 1989ರಲ್ಲಿ ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಆಫೀಸ್ 2007ರಿಂದ ಈಚೆಗೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲುಗಳೆಲ್ಲ ಒಳಗಿನಿಂದ ಜಿಪ್ ಫೈಲುಗಳೇ. ಹೊರಗೆ ಒಂದೇ ಫೈಲಿನಂತೆ ಕಂಡರೂ ಒಳಗೆ ಸಣ್ಣ ಸಣ್ಣ ಫೈಲುಗಳು ಬೇರೆಬೇರೆಯಾಗಿ ಕೂತಿರುತ್ತವೆ. ಬರಹ ಒಂದು ಕಡೆ, ಚಿತ್ರಗಳು ಒಂದು ಕಡೆ, ಅಕ್ಷರದ ಗಾತ್ರ, ಬಣ್ಣದ ವಿವರ ಇನ್ನೊಂದು ಕಡೆ. ಯಾವುದು ಎಲ್ಲಿದೆ ಎಂಬ ಪಟ್ಟಿ ಫೈಲಿನ ಕೊನೆಯಲ್ಲಿರುತ್ತದೆ. ಕಾಪಿ ಮುಗಿಯುವ ಮೊದಲೇ ಪೆನ್‌ಡ್ರೈವ್ ಎಳೆದರೆ ಅಥವಾ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಬಾಲ ತುಂಡಾಗಿ ಈ ಪಟ್ಟಿಯೇ ಹೋಗುತ್ತದೆ. ಪಟ್ಟಿ ಇಲ್ಲದೆ ವರ್ಡ್‌ಗೆ ಕೈಕಾಲು ಆಡುವುದಿಲ್ಲ. ಬರಹ ಮಾತ್ರ ಮುಂದಿನ ಭಾಗದಲ್ಲಿ ಹಾಗೇ ಉಳಿದಿರಬಹುದು.

ಶುರುವಿನಲ್ಲಿ ಬೇರೇನಾದರೂ ಕಂಡರೂ ಉಪಯೋಗವಿದೆ. ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂದಿದ್ದರೆ ಅದು ಪಿಡಿಎಫ್ ಫೈಲ್, ಯಾರೋ ಹೆಸರಿನ ಬಾಲವನ್ನು, ಅಂದರೆ ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳನ್ನು, ತಪ್ಪಾಗಿ ಬದಲಿಸಿದ್ದಾರೆ. ಬಾಲ ಸರಿಮಾಡಿದರೆ ಮುಗಿಯಿತು. ಎಚ್‌ಟಿಎಂಎಲ್ ಎಂಬ ಪದ ಕಂಡರೆ ನೀವು ಡೌನ್‌ಲೋಡ್ ಮಾಡಿದ್ದು ಫೈಲನ್ನಲ್ಲ, ಒಂದು ವೆಬ್ ಪುಟವನ್ನು. ಲಾಗಿನ್ ಆಗಿ ಮತ್ತೆ ಇಳಿಸಿಕೊಳ್ಳಿ. ಪೂರ್ತಿ ಖಾಲಿ ಖಾಲಿ ಕಂಡರೆ ಜಾಗ ಹಿಡಿದಿಟ್ಟಿದ್ದಷ್ಟೇ, ಬರಹ ಅಲ್ಲಿಗೆ ತಲುಪಿಲ್ಲ.

ಇಮೇಲಿನಲ್ಲಿ ಬಂದ ಫೈಲಿಗೆ ಇನ್ನೊಂದು ಕಾರಣವೂ ಇರುತ್ತದೆ. ಹೊರಗಿನಿಂದ ಬಂದದ್ದು ಎಂದು ವಿಂಡೋಸ್ ಅದಕ್ಕೊಂದು ಗುರುತು ಹಾಕುತ್ತದೆ. ಅದರಿಂದ ಚೆನ್ನಾಗಿರುವ ಫೈಲೂ ಒಮ್ಮೊಮ್ಮೆ ತೆರೆಯದೆ ಹಟ ಹಿಡಿಯುತ್ತದೆ. ಕಳಿಸಿದವರು ಗೊತ್ತಿರುವವರೇ, ಅವರೇ ಕಳಿಸಿದ್ದು ಎಂದು ಖಾತ್ರಿಯಿದ್ದರೆ ಪ್ರಾಪರ್ಟೀಸ್‌ನಲ್ಲಿ ಕೆಳಗಡೆ ಅನ್‌ಬ್ಲಾಕ್ ಎಂಬುದಕ್ಕೆ ಟಿಕ್ ಹಾಕಿ. ಹೊರಗಿನ ಫೈಲನ್ನು ಓದುವುದಕ್ಕಷ್ಟೇ ತೆರೆಯುವ ರಕ್ಷಣೆ ವರ್ಡ್‌ನಲ್ಲಿದೆ, ಅದಕ್ಕೆ ಪ್ರೊಟೆಕ್ಟೆಡ್ ವ್ಯೂ ಎನ್ನುತ್ತಾರೆ. ‘ಅದನ್ನೇ ಆಫ್ ಮಾಡಿಬಿಡಿ’ ಎಂದು ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಫೈಲಿಗಾಗಿ ಮನೆಯ ಬಾಗಿಲನ್ನೇ ಕಿತ್ತಿಡುವುದು ಸರಿಯಲ್ಲ, ಅಲ್ವಾ?

ನಿಮ್ಮ ಫೈಲಿಗೆ ಬರೋಣ. ವರ್ಡ್ ತೆರೆದು ಫೈಲ್, ಓಪನ್, ಬ್ರೌಸ್ ಎಂದು ಹೋಗಿ. ಫೈಲಿನ ಮೇಲೆ ಒಂದೇ ಸಲ ಕ್ಲಿಕ್ ಮಾಡಿ. ಕೆಳಗಿರುವ ಓಪನ್ ಬಟನ್ನಿನ ಪಕ್ಕದಲ್ಲಿ ಸಣ್ಣ ಬಾಣದ ಗುರುತಿದೆ. ಅದನ್ನು ಒತ್ತಿದರೆ ‘ಓಪನ್ ಅಂಡ್ ರಿಪೇರ್’ ಸಿಗುತ್ತದೆ. ವರ್ಷಗಟ್ಟಲೆ ವರ್ಡ್ ಬಳಸಿದವರಿಗೂ ಈ ಬಾಣ ಕಣ್ಣಿಗೆ ಬಿದ್ದಿರುವುದಿಲ್ಲ. ಎಕ್ಸೆಲ್‌ನಲ್ಲೂ ಇದೇ ದಾರಿ. ಅಲ್ಲಿ ರಿಪೇರಿ ಆಗದಿದ್ದರೆ ಅಂಕಿಗಳನ್ನಾದರೂ ಎತ್ತಿಕೊಡುವ ಆಯ್ಕೆಯೂ ಬರುತ್ತದೆ.

ಅದೂ ಸೋತರೆ ಅದೇ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ಒಮ್ಮೆ ತೆರೆದು ನೋಡಿ. ಅದು ಉಚಿತ ತಂತ್ರಾಂಶ. ವರ್ಡ್ ಒಪ್ಪದ ಫೈಲನ್ನು ಅದು ಒಪ್ಪಿಕೊಂಡದ್ದನ್ನು ನಾನು ನೋಡಿದ್ದೇನೆ. ಸಾಲುಗಳ ಜೋಡಣೆ ಸ್ವಲ್ಪ ಆಚೀಚೆ ಆಗಬಹುದು, ಆದರೆ ಮಾತುಗಳು ಸಿಗುತ್ತವೆ.

ಇನ್ನೂ ಆಗಲಿಲ್ಲವೇ? ಗಂಟನ್ನು ನಾವೇ ಬಿಚ್ಚೋಣ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದನ್ನು ಆನ್ ಮಾಡಿ. ವಿಂಡೋಸ್ ಸುಮ್ನೆ ಅಡಗಿಸಿಟ್ಟಿರುವ ಹೆಸರಿನ ಬಾಲ ಆಗ ಕಾಣುತ್ತದೆ. ಇದು ಯಾವಾಗಲೂ ಆನ್ ಇರುವುದೇ ಒಳ್ಳೆಯದು. ಪ್ರತಿಯ ಹೆಸರಿನಲ್ಲಿ ಚುಕ್ಕೆಯ ನಂತರ ಇರುವುದನ್ನು ಅಳಿಸಿ, ಇಂಗ್ಲಿಷಿನಲ್ಲಿ ಜಿಪ್ ಎಂದು ಬರೆಯಿರಿ. ವಿಂಡೋಸ್ ಎಚ್ಚರಿಕೆ ಕೊಟ್ಟರೆ ‘ಯೆಸ್’ ಅನ್ನಿ. ಈಗ ಅದನ್ನು ತೆರೆದರೆ ಒಳಗೆ ‘ವರ್ಡ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ‘ಮೀಡಿಯಾ’ ಫೋಲ್ಡರಿನಲ್ಲಿ ನೀವು ಹಾಕಿದ್ದ ಚಿತ್ರಗಳಿರುತ್ತವೆ. ‘ಡಾಕ್ಯುಮೆಂಟ್’ ಹೆಸರಿನ ಎಕ್ಸ್‌ಎಂಎಲ್ ಫೈಲೇ ನಿಮ್ಮ ಮೂರು ವಾರದ ಬರಹ. ಅದನ್ನು ಹೊರಗೆಳೆದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೋನದ ಆವರಣ ಚಿಹ್ನೆಗಳ ನಡುವೆ ಸಿಕ್ಕಿಕೊಂಡಿದ್ದರೂ ನಿಮ್ಮದೇ ವಾಕ್ಯಗಳು ಕಾಣುತ್ತವೆ. ಒಂದೇ ಪದ ಎರಡು ಮೂರು ತುಂಡಾಗಿರುವುದೂ ಉಂಟು. ಒಟ್ಟುಗೂಡಿಸಲು ತಾಳ್ಮೆ ಬೇಕು. ಮತ್ತೆ ಮೊದಲಿನಿಂದ ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಕೊನೆಯ ಪಟ್ಟಿಯೇ ತುಂಡಾಗಿ ಹೋದ ಫೈಲನ್ನು ವಿಂಡೋಸ್ ತಾನಾಗಿ ಬಿಚ್ಚುವುದಿಲ್ಲ. ಆಗ 7-ಜಿಪ್ ಎಂಬ ಉಚಿತ ತಂತ್ರಾಂಶ ಬಳಸಿ. ಅದು ತಪ್ಪಿದೆ ಎಂದು ದೂರು ಹೇಳಿದರೂ ಸಿಕ್ಕಷ್ಟನ್ನು ಹೊರಗೆ ಕೊಡುತ್ತದೆ.

ಇಷ್ಟು ಕಷ್ಟ ಯಾಕೆ, ರಿಪೇರಿ ಮಾಡಿಕೊಡುವ ವೆಬ್‌ಸೈಟುಗಳಿವೆಯಲ್ಲ ಎನ್ನಬಹುದು. ಆಫೀಸಿನ ವರದಿಯನ್ನು ಗುರುತಿಲ್ಲದವರ ಸರ್ವರಿಗೆ ಏರಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ನಾನಂತೂ ಏರಿಸುವುದಿಲ್ಲ.

ಹಳೆಯ ಪ್ರತಿ ಹುಡುಕುವ ವಿಷಯ. ಫೈಲನ್ನು ಬರೆದ ಆಫೀಸಿನ ಕಂಪ್ಯೂಟರಿನಲ್ಲೇ ಇದನ್ನು ಮಾಡಬೇಕು. ವರ್ಡ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಒಂದು ತಾತ್ಕಾಲಿಕ ಪ್ರತಿ ಇಟ್ಟುಕೊಳ್ಳುತ್ತದೆ. ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಎಂದು ಹೋದರೆ ಸೇವ್ ಆಗದೆ ಉಳಿದವು ಸಿಗಬಹುದು. ಫೋಲ್ಡರ್ ಒನ್‌ಡ್ರೈವ್‌ನಲ್ಲಿದ್ದರೆ ರೈಟ್ ಕ್ಲಿಕ್ ಮಾಡಿ ‘ವರ್ಷನ್ ಹಿಸ್ಟರಿ’ ನೋಡಿ. ಗೂಗಲ್ ಡ್ರೈವ್‌ಗೆ ಏರಿಸಿದ್ದ ವರ್ಡ್ ಫೈಲಾದರೆ ಹಿಂದಿನ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಮಾತ್ರ ಇರುತ್ತವೆ, ತಡ ಮಾಡಬೇಡಿ. ಇಮೇಲಿನ ‘ಸೆಂಟ್’ ಪೆಟ್ಟಿಗೆಯನ್ನೂ ಮರೆಯಬೇಡಿ. ನಡುವೆ ಯಾರಿಗಾದರೂ ಕರಡು ಕಳಿಸಿದ್ದರೆ ಅದು ಅಲ್ಲೇ ಕೂತಿರುತ್ತದೆ.

ಕೊನೆಗೆ ಪೆನ್‌ಡ್ರೈವ್ ಬಗ್ಗೆ. ಅದರಲ್ಲಿರುವ ಬೇರೆ ಫೈಲುಗಳೂ ಹೀಗೇ ಹಟ ಮಾಡಿದರೆ ತೊಂದರೆ ಡ್ರೈವಿನದೇ. ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಕಟ್ ಮಾಡಿ ತಂದ ಫೈಲಾಗಿದ್ದರೆ ಆಫೀಸಿನ ಕಂಪ್ಯೂಟರನ್ನೂ ನಾಳೆ ಜಾಸ್ತಿ ಬಳಸಬೇಡಿ. ಅಳಿಸಿದ ಫೈಲಿನ ಜಾಗದ ಮೇಲೆ ಹೊಸದು ಬಂದು ಕೂರುವ ಮೊದಲೇ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕರೆದು ತೋರಿಸಿ.