ಚದುರಿದ ಬೆಳಕಿನಲ್ಲಿ ಅಳೆಯುವುದೇನನ್ನು?

ಪ್ರಶ್ನೆ: ಬೆಳಕಿನ ಧ್ರುವೀಕರಣ ಅಳೆದು ರೋಗದ ಸುಳಿವು ಹಿಡಿಯುತ್ತಾರಂತೆ. ಆದರೆ ಚರ್ಮದೊಳಗೆ ಹೊಕ್ಕ ಬೆಳಕು ಚದುರಿ, ಧ್ರುವೀಕರಣವೇ ಕಳೆದುಹೋಗುತ್ತಲ್ವಾ? ಮತ್ತೆ ಅಳೆಯುವುದೇನನ್ನು?

ಉತ್ತರ: ಆ ಕಳೆದುಹೋಗುವುದನ್ನೂ ಅಳೆಯುತ್ತಾರೆ!

ಬೆಳಕು ಒಂದು ಅಲೆ. ಸಾಮಾನ್ಯ ಬೆಳಕಿನಲ್ಲಿ ಅಲೆಗಳು ಸಿಕ್ಕಸಿಕ್ಕ ದಿಕ್ಕಿಗೆ ಕಂಪಿಸುತ್ತವೆ. ಪೋಲರೈಸರ್ ಎಂಬ ಫಿಲ್ಟರ್ ದಾಟಿದ ಮೇಲೆ ಒಂದೇ ದಿಕ್ಕು, ಇದೇ ಧ್ರುವೀಕರಣ. ಅಂಥ ಬೆಳಕನ್ನು ಚರ್ಮದ ಮೇಲೆ ಬಿಟ್ಟರೆ ಸ್ವಲ್ಪ ಭಾಗ ಮೇಲ್ಮೈಯಿಂದಲೇ ವಾಪಸ್ ಬರುತ್ತದೆ, ದಿಕ್ಕು ಕೆಡದೆ. ಉಳಿದದ್ದು ಒಳಗೆ ಹೋಗಿ, ಕೋಶಗಳಿಗೂ ನಾರುಗಳಿಗೂ ಬಡಿದು ಬಡಿದು, ದಿಕ್ಕು ಮರೆತು ಹೊರಬರುತ್ತದೆ. ಈಗ ಕ್ಯಾಮೆರಾದ ಮುಂದೆ ಇನ್ನೊಂದು ಪೋಲರೈಸರನ್ನು ಅಡ್ಡಡ್ಡ ಇಡಿ. ಮೇಲಿನ ಹೊಳಪು ಮಾಯ, ಒಳಗಿನದು ಕಾಣುತ್ತದೆ. ಚರ್ಮದ ವೈದ್ಯರು ಮಚ್ಚೆ ನೋಡುವ ಡರ್ಮೋಸ್ಕೋಪ್‌ಗಳಲ್ಲಿ ಎಷ್ಟೋ ಇದೇ ಉಪಾಯದವು.

ಇದು ನೋಡಿದ್ದಾಯಿತು, ಅಳೆದದ್ದಲ್ಲ. ಕ್ಯಾಮೆರಾಕ್ಕೆ ತಿಳಿಯುವುದು ಬೆಳಕು ಎಷ್ಟಿದೆ ಅನ್ನುವುದಷ್ಟೇ. ಹಾಗಾಗಿ ಫಿಲ್ಟರ್ ತಿರುಗಿಸುತ್ತಾ ಹಲವು ಸಲ ಅಳೆದು, ಲೆಕ್ಕ ಹಾಕಬೇಕು. ಬೆಳಕಿನ ಧ್ರುವೀಕರಣವನ್ನು ನಾಲ್ಕೇ ಸಂಖ್ಯೆಗಳಲ್ಲಿ ಹೇಳಬಹುದೆಂದು ಭೌತವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ತೋರಿಸಿದ. ಅಂಗಾಂಶ ಆ ನಾಲ್ಕನ್ನು ಹೇಗೆ ಬದಲಿಸುತ್ತದೆ ಅನ್ನುವುದಕ್ಕೆ 4×4ರ ಪಟ್ಟಿ ಬೇಕು, ಅಂದರೆ 16 ಸಂಖ್ಯೆ. ಇದಕ್ಕೆ ಮುಲ್ಲರ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ, ಸುಮ್ನೆ ಒಂದು ಕೋಷ್ಟಕ. ಧ್ರುವೀಕರಣ ಎಷ್ಟು ಕಳೆದುಹೋಯಿತು ಅನ್ನುವ ಲೆಕ್ಕವೂ ಇದರಿಂದಲೇ ಸಿಗುತ್ತದೆ.

ನನಗೆ ಇಷ್ಟವಾಗುವುದು ಕೊಲಾಜೆನ್, ಅಂದರೆ ಅಂಗಾಂಶದೊಳಗಿನ ಪ್ರೋಟೀನ್ ನಾರುಗಳ ಕಥೆ. ಈ ನಾರುಗಳು ಒಂದೇ ಕಡೆಗೆ ಸಾಲಾಗಿದ್ದರೆ, ನಾರಿನ ಉದ್ದಕ್ಕೆ ಕಂಪಿಸುವ ಬೆಳಕು ಅಡ್ಡ ಕಂಪಿಸುವುದಕ್ಕಿಂತ ಚೂರು ಹಿಂದೆ ಬೀಳುತ್ತದೆ. ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಶುರುವಾದಾಗ ಸಾಲು ಕೆಡುತ್ತದೆ, ಈ ಹಿಂದೆ ಬೀಳುವಿಕೆಯೂ ಕಡಿಮೆಯಾಗುತ್ತದೆ. ಬಣ್ಣ ಹಾಕದೆ, ಕತ್ತರಿಸದೆ ಅದನ್ನು ನೋಡಬಹುದೇ ಎಂಬ ಸಂಶೋಧನೆ ನಡೆದಿದೆ. ಗ್ಲಾಕೋಮಾದಲ್ಲಿ ತೆಳುವಾಗುವ ಕಣ್ಣಿನ ನರತಂತುಗಳ ಪದರವನ್ನು ಇದೇ ತತ್ವದ ಯಂತ್ರಗಳು ಅಳೆದಿವೆ.

ಎಲ್ಲ ಕಡೆ ಇಷ್ಟು ಸಲೀಸಲ್ಲ. ಗ್ಲೂಕೋಸ್ ಬೆಳಕಿನ ದಿಕ್ಕನ್ನು ತಿರುಗಿಸುತ್ತದೆ, ಸೂಜಿ ಚುಚ್ಚದೆ ಕಣ್ಣಿನ ಮುಂಭಾಗದ ದ್ರವದಲ್ಲೇ ಸಕ್ಕರೆ ಅಳೆಯೋಣ ಅಂತ ಹೊರಟವರಿದ್ದಾರೆ. ಆದರೆ ಡೆಸಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, 1 ಸೆಂಟಿಮೀಟರ್ ದಾರಿಯಲ್ಲಿ ಆಗುವ ತಿರುವು ಸುಮಾರು 0.005 ಡಿಗ್ರಿ. ಕಣ್ಣು ಒಂಚೂರು ಅಲುಗಿದರೂ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮಾಡುವ ಏರುಪೇರು ಅದಕ್ಕಿಂತ ಜಾಸ್ತಿ.